ಆಶ್ರಯದ ಅಳತೆಗೋಲು

1368ರಲ್ಲಿ ವಿಜಯನಗರದ ಬುಕ್ಕರಾಯನ ಮುಂದೆ ಒಂದು ದೂರು ಬಂತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಮೊರೆಯಿಟ್ಟಿದ್ದರು. ಅರಸ ಎರಡೂ ಕಡೆಯ ಮುಖಂಡರನ್ನು ಕರೆಸಿದ. ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿದ. ಪಂಚಮಹಾವಾದ್ಯ ಮತ್ತು ಕಳಶದ ಮರ್ಯಾದೆ ಜೈನರಿಗೆ ಮೊದಲಿನಂತೆಯೇ ಸಲ್ಲಬೇಕು, ಅವರಿಗಾಗುವ ಹಾನಿಯನ್ನು ವೈಷ್ಣವರು ತಮ್ಮದೆಂದೇ ಎಣಿಸಬೇಕು ಎಂದು ಗೊತ್ತುಮಾಡಿದ. ಜೈನರ ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳ್ಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡುವ ಏರ್ಪಾಡೂ ಆಯಿತು. ಶ್ರವಣಬೆಳಗೊಳದ ಶಾಸನ ಇದನ್ನೆಲ್ಲ ದಾಖಲಿಸಿದೆ.

ಇದ್ದ ಊರಿನಲ್ಲೇ ಹೀಗೆ ರಕ್ಷಣೆ ಸಿಕ್ಕರೆ ಯಾರೂ ಊರು ಬಿಡಬೇಕಾಗಿಲ್ಲ. ಆದರೆ ಆಳುವವರೇ ಕಿರುಕುಳ ಕೊಟ್ಟರೆ, ಅಥವಾ ಕೊಡುವವರನ್ನು ಕಂಡೂ ಕಾಣದಂತೆ ಇದ್ದುಬಿಟ್ಟರೆ, ಗಡಿ ದಾಟುವುದೊಂದೇ ದಾರಿ. ಆಗ ಗಡಿಯ ಈಚೆಗಿರುವವರ ಎದುರು ಮೂರು ಪ್ರಶ್ನೆಗಳು ಏಳುತ್ತವೆ. ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕು? ಅವರಿಗೆ ನಿಜಕ್ಕೂ ಕಿರುಕುಳ ಆಗಿದೆಯೆಂದು ತಿಳಿಯುವುದು ಹೇಗೆ? ಬಂದವರು ಎಷ್ಟು ಕಾಲ, ಏನಾಗಿ ಇರಬೇಕು? ಮತದ ಕಾರಣಕ್ಕೆ ಹಿಂಸೆಗೊಳಗಾದವರ ವಿಷಯದಲ್ಲಿ ಈ ಪ್ರಶ್ನೆಗಳು ಇನ್ನಷ್ಟು ಬಿಸಿಯಾಗುತ್ತವೆ. ಒಳಬಿಡುವವರಿಗೂ ಒಂದು ಮತವಿರುತ್ತದೆ, ಓಡಿಸಿದವರಿಗೂ ಒಂದು ಮತವಿರುತ್ತದೆ. ಭಾರತದಲ್ಲಿ 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಂತರ ಈ ಚರ್ಚೆ ಬೀದಿಗೂ ನ್ಯಾಯಾಲಯಕ್ಕೂ ಬಂದಿದೆ. ಆದರೆ ಅದರ ಬೇರುಗಳು ಅದಕ್ಕಿಂತ ಬಹಳ ಹಳೆಯವು.

ಚರ್ಚೆಯ ಎಲ್ಲ ಪಕ್ಷಗಳನ್ನೂ ಅವುಗಳ ಬಲದ ಸಮೇತ ಮುಂದಿಡುವುದು ಇಲ್ಲಿನ ಉದ್ದೇಶ. ನನ್ನ ನಿಲುವನ್ನೂ ಮುಚ್ಚಿಡುವುದಿಲ್ಲ: ಆಶ್ರಯಕ್ಕೆ ಅಳತೆಗೋಲು ಕಿರುಕುಳವೇ ಆಗಬೇಕು. ಮತದ ಹೆಸರು ಆ ಕಿರುಕುಳಕ್ಕೆ ಒಂದು ಸಾಕ್ಷಿ. ಅದೂ ಬಲವಾದ ಸಾಕ್ಷಿ. ಸಾಕ್ಷಿಯನ್ನೇ ಅಳತೆಗೋಲು ಮಾಡಿಕೊಂಡಾಗಲೆಲ್ಲ ಯಾರೋ ಹೊರಗುಳಿದಿದ್ದಾರೆ.

ಓಡಿಬಂದವರ ಹಳೆಯ ದಾರಿಗಳು

ಕರ್ನಾಟಕದ ಕರಾವಳಿಗೆ ಈ ಚರಿತ್ರೆ ಹೊರಗಿನದಲ್ಲ. ಪೋರ್ಚುಗೀಸರು 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಮತನ್ಯಾಯಾಲಯ ಸ್ಥಾಪಿಸಿದರು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ ಅದು 1812ರವರೆಗೆ ನಡೆಯಿತು. ದೇವಸ್ಥಾನಗಳು ನೆಲಸಮವಾಗುತ್ತಿದ್ದ ಆ ಕಾಲದಲ್ಲಿ ಕುಶಸ್ಥಳಿಯ ಭಕ್ತರು ಮಂಗೇಶ ದೇವರನ್ನು ಹೊಳೆ ದಾಟಿಸಿ ಪ್ರಿಯೋಳಕ್ಕೆ ಒಯ್ದರು. ಆ ಸೀಮೆ ಆಗ ಬಿಜಾಪುರದ ಆದಿಲ್‌ಶಾಹಿ ಆಳ್ವಿಕೆಯಲ್ಲಿತ್ತು. ಕೊಂಕಣಿ ಮಾತನಾಡುವ ಎಷ್ಟೋ ಸಾರಸ್ವತ ಕುಟುಂಬಗಳು ಕಾರವಾರದಿಂದ ಮಂಗಳೂರಿನವರೆಗೆ, ಮುಂದೆ ಕೊಚ್ಚಿಯವರೆಗೆ ನೆಲೆ ಹುಡುಕಿಕೊಂಡವು.

ಅದೇ ದಾರಿಯಲ್ಲಿ ಗೋವಾದ ಕ್ರೈಸ್ತರೂ ದಕ್ಷಿಣಕ್ಕೆ ಬಂದರು. ಬರಗಾಲ, ಯುದ್ಧ, ತೆರಿಗೆಯ ಭಾರ ಅವರನ್ನು ಹೊರಡಿಸಿದವು. ಇನ್‌ಕ್ವಿಸಿಷನ್ನಿನ ಭಯವೂ ಹೊರಡಿಸಿತು. ಆ ನ್ಯಾಯಾಲಯದ ಕಣ್ಣು ಮುಖ್ಯವಾಗಿ ದೀಕ್ಷಾಸ್ನಾನ ಪಡೆದವರ ಮೇಲೇ ಇತ್ತು. ಮತಾಂತರವಾದ ಮೇಲೂ ಅಜ್ಜಿ ಕಾಲದ ಪದ್ಧತಿ ಉಳಿಸಿಕೊಂಡವರು ಅದಕ್ಕೆ ಅಪರಾಧಿಗಳು. 1736ರ ಆಜ್ಞೆ ಮನೆಯ ಬಳಿ ತುಳಸಿ ನೆಡುವುದನ್ನೂ ನಿಷೇಧಿಸಿತು. ಗೋವಾದ ಈ ಪ್ರಕರಣದಲ್ಲಿ ಎರಡು ಪಾಠಗಳಿವೆ. ಕಿರುಕುಳಕ್ಕೆ ಒಳಗಾಗುವವರು ಅನ್ಯಮತದವರೇ ಆಗಬೇಕೆಂದಿಲ್ಲ, ಆಳುವವರ ಮತಕ್ಕೇ ಸೇರಿದವರೂ ಆಗಬಹುದು. ಹಾಗೆಯೇ ಆಶ್ರಯ ಕೊಡುವವರು ಸ್ವಮತದವರೇ ಆಗಬೇಕೆಂದಿಲ್ಲ.

ಯುರೋಪಿನಲ್ಲಿ 1555ರ ಆಗ್ಸ್‌ಬರ್ಗ್ ಒಪ್ಪಂದ ಅರಸನ ಮತವೇ ನಾಡಿನ ಮತ ಎಂಬ ತತ್ತ್ವಕ್ಕೆ ಒಪ್ಪಿಗೆ ಕೊಟ್ಟಿತು. ಒಪ್ಪದವರಿಗೆ ಆಸ್ತಿ ಮಾರಿ ಹೊರಡುವ ಹಕ್ಕನ್ನೂ ಕೊಟ್ಟಿತು. ಬಿಟ್ಟುಹೋಗುವ ಹಕ್ಕು ಇರುವ ಹಕ್ಕಿಗಿಂತ ಮೊದಲು ಕಾನೂನಿನೊಳಗೆ ಬಂತು. ಫ್ರಾನ್ಸಿನ ಪ್ರಾಟೆಸ್ಟಂಟರಾದ ಹ್ಯೂಗ್ನೋಗಳಿಗೆ 1685ರಲ್ಲಿ ಅದೂ ಸಿಗಲಿಲ್ಲ. 1598ರಲ್ಲಿ ಕೊಟ್ಟಿದ್ದ ರಕ್ಷಣೆಯನ್ನು ಹದಿನಾಲ್ಕನೆಯ ಲೂಯಿ ಹಿಂತೆಗೆದುಕೊಂಡ. ಪಾದ್ರಿಗಳು ಎರಡು ವಾರದೊಳಗೆ ದೇಶ ಬಿಡಬೇಕು, ಉಳಿದವರು ಬಿಡಕೂಡದು. ಓಡಿಹೋಗುತ್ತ ಸಿಕ್ಕಿಬಿದ್ದ ಗಂಡಸರಿಗೆ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ. ಆದರೂ ಲಕ್ಷಕ್ಕೂ ಹೆಚ್ಚು ಜನ ಹಾಲೆಂಡ್, ಇಂಗ್ಲೆಂಡ್, ಬ್ರಾಂಡೆನ್‌ಬರ್ಗ್ ಸೇರಿಕೊಂಡರು. ಯುದ್ಧದಿಂದ ಜನ ಕಳೆದುಕೊಂಡಿದ್ದ ಬ್ರಾಂಡೆನ್‌ಬರ್ಗಿನ ಅರಸ ಅದೇ ವರ್ಷ ಪಾಟ್ಸ್‌ಡ್ಯಾಮ್ ಆಜ್ಞೆ ಹೊರಡಿಸಿ, ಬಂದವರಿಗೆ ಮನೆ, ತೆರಿಗೆ ವಿನಾಯಿತಿ, ಅವರ ಭಾಷೆಯಲ್ಲೇ ಪ್ರಾರ್ಥನೆಯ ಸೌಲಭ್ಯ ಕೊಟ್ಟ. ಕರುಣೆ, ಸ್ವಮತದ ಅಭಿಮಾನ, ರಾಜ್ಯದ ಲಾಭ ಮೂರೂ ಅದರಲ್ಲಿ ಬೆರೆತಿದ್ದವು. ಇಂದಿಗೂ ಆಶ್ರಯದ ನೀತಿಯಲ್ಲಿ ಈ ಮೂರನ್ನೂ ಬಿಡಿಸಿ ನೋಡುವುದು ಸುಲಭವಲ್ಲ.

ಇಪ್ಪತ್ತನೆಯ ಶತಮಾನ ಕಂಡ ಮೂರು ಪ್ರಯೋಗಗಳು

ಮೊದಲನೆಯ ಮಹಾಯುದ್ಧದ ನಂತರ ಸಾಮ್ರಾಜ್ಯಗಳು ಒಡೆದು ರಾಷ್ಟ್ರಗಳಾದಾಗ, ಪ್ರತಿಯೊಂದರಲ್ಲೂ ಅಲ್ಪಸಂಖ್ಯಾತರು ಉಳಿದರು. ಮೊದಲ ಪ್ರಯೋಗ, 1919ರಲ್ಲಿ ಪೋಲೆಂಡಿನೊಂದಿಗೆ ಶುರುವಾದ ಅಲ್ಪಸಂಖ್ಯಾತರ ಒಪ್ಪಂದಗಳು. ಅನ್ಯಾಯವಾದರೆ ರಾಷ್ಟ್ರಗಳ ಸಂಘಕ್ಕೆ ದೂರು ಕೊಡಬಹುದಿತ್ತು. ಆದರೆ ಕಾಗದದ ಹಿಂದೆ ಬಲವಿರಲಿಲ್ಲ. ದೊಡ್ಡ ದೇಶಗಳು ತಮಗೆ ಒಪ್ಪದ ನಿಯಮವನ್ನು ಸಣ್ಣ ದೇಶಗಳ ಮೇಲೆ ಹೇರಿದವೆಂಬ ಅಸಮಾಧಾನವೂ ಇತ್ತು.

ಎರಡನೆಯ ಪ್ರಯೋಗ ಜನರ ಅದಲುಬದಲು. 1923ರ ಜನವರಿಯಲ್ಲಿ ಗ್ರೀಸ್ ಮತ್ತು ತುರ್ಕಿ ಲೊಸಾನ್‌ನಲ್ಲಿ ಒಪ್ಪಂದ ಮಾಡಿಕೊಂಡು, ತುರ್ಕಿಯ ಆರ್ಥಡಾಕ್ಸ್ ಕ್ರೈಸ್ತರನ್ನು ಗ್ರೀಸಿಗೂ ಗ್ರೀಸಿನ ಮುಸ್ಲಿಮರನ್ನು ತುರ್ಕಿಗೂ ಕಡ್ಡಾಯವಾಗಿ ಸಾಗಿಸಿದವು. ಆಗಲೇ ಓಡಿಹೋಗಿದ್ದವರನ್ನೂ ಸೇರಿಸಿದರೆ ಹದಿನೈದು ಲಕ್ಷದಷ್ಟು ಜನ ನೆಲೆ ಕಳೆದುಕೊಂಡರು. ಅಳತೆಗೋಲು ಮತ ಮಾತ್ರ. ತುರ್ಕಿ ಭಾಷೆಯನ್ನೇ ಆಡುತ್ತಿದ್ದ ಅನಟೋಲಿಯಾದ ಕ್ರೈಸ್ತರು ಗ್ರೀಸಿನಲ್ಲಿ ಪರಕೀಯರಾದರು. ಗ್ರೀಕ್ ಆಡುತ್ತಿದ್ದ ಕ್ರೀಟ್‌ನ ಮುಸ್ಲಿಮರಿಗೆ ತುರ್ಕಿಯಲ್ಲಿ ಅದೇ ಗತಿ. ಈ ಉದಾಹರಣೆ ನಮ್ಮ ದೇಶದ ಚರ್ಚೆಗೂ ಬಂತು. ಪಾಕಿಸ್ತಾನದ ಬೇಡಿಕೆಯನ್ನು ಕುರಿತು 1940ರಲ್ಲಿ ಬರೆದ ಗ್ರಂಥದಲ್ಲಿ ಅಂಬೇಡ್ಕರ್ ಇದನ್ನು ಎತ್ತಿಕೊಂಡು, ವಿಭಜನೆ ಆಗುವುದಾದರೆ ಜನರ ವರ್ಗಾವಣೆಯ ದಾರಿಯನ್ನೂ ಯೋಚಿಸಬೇಕೆಂದು ವಾದಿಸಿದರು.

ಮೂರನೆಯದು ಬಾಗಿಲು ಮುಚ್ಚಿದ್ದರ ಫಲ. 1938ರ ಜುಲೈನಲ್ಲಿ ಫ್ರಾನ್ಸಿನ ಏವಿಯಾನ್‌ನಲ್ಲಿ 32 ದೇಶಗಳು ಸೇರಿ ಜರ್ಮನಿಯ ಯಹೂದಿಗಳ ಬಗ್ಗೆ ಚರ್ಚಿಸಿದವು. ಮರುಕ ತೋರದವರಿಲ್ಲ; ಗಮನಾರ್ಹ ಸಂಖ್ಯೆಯಲ್ಲಿ ಬಿಟ್ಟುಕೊಳ್ಳುತ್ತೇವೆಂದು ಮುಂದೆ ಬಂದದ್ದು ಹೆಚ್ಚುಕಡಿಮೆ ಡೊಮಿನಿಕನ್ ಗಣರಾಜ್ಯ ಒಂದೇ. ಮರುವರ್ಷ ಸೇಂಟ್ ಲೂಯಿಸ್ ಹಡಗಿನಲ್ಲಿ ಹೊರಟ 937 ಪ್ರಯಾಣಿಕರಲ್ಲಿ ಹೆಚ್ಚಿನವರನ್ನು ಕ್ಯೂಬಾ ಇಳಿಸಿಕೊಳ್ಳಲಿಲ್ಲ, ಅಮೆರಿಕ ಮತ್ತು ಕೆನಡಾ ಕರೆಯಲಿಲ್ಲ. ಯುರೋಪಿಗೆ ಮರಳಿದವರಲ್ಲಿ 254 ಜನ ಮುಂದೆ ನಾಜಿಗಳ ನರಮೇಧಕ್ಕೆ ಬಲಿಯಾದರು.

ಆ ನಾಚಿಕೆಯಿಂದ ಹುಟ್ಟಿದ್ದು 1951ರ ನಿರಾಶ್ರಿತರ ಒಪ್ಪಂದ. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ ಈ ಐದರಲ್ಲಿ ಯಾವುದಾದರೂ ಕಾರಣಕ್ಕೆ ಕಿರುಕುಳದ ಸಕಾರಣ ಭಯವಿರುವವರು ನಿರಾಶ್ರಿತರು. ಅಪಾಯವಿರುವಲ್ಲಿಗೆ ಅವರನ್ನು ಹಿಂದಕ್ಕೆ ತಳ್ಳಕೂಡದು. ಮೊದಲು ಇದು 1951ಕ್ಕಿಂತ ಹಿಂದಿನ ಘಟನೆಗಳಿಗೆ ಸೀಮಿತವಾಗಿತ್ತು, ದೇಶಗಳು ಬಯಸಿದರೆ ಯುರೋಪಿಗೂ ಸೀಮಿತಗೊಳಿಸಬಹುದಿತ್ತು. 1967ರ ಪೂರಕ ಒಪ್ಪಂದ ಆ ಮಿತಿಗಳನ್ನು ತೆಗೆಯಿತು. ಭಾರತ ಎರಡಕ್ಕೂ ಸಹಿ ಹಾಕಿಲ್ಲ.

ಉಪಖಂಡದ ಅನುಭವ

ಸಹಿ ಹಾಕದ ಭಾರತವೇ ಜಗತ್ತಿನ ಅತಿ ದೊಡ್ಡ ನಿರಾಶ್ರಿತರ ಅಲೆಗಳನ್ನು ಕಂಡ ದೇಶ. ವಿಭಜನೆಯಲ್ಲಿ ಕೋಟಿಗೂ ಹೆಚ್ಚು ಜನ ಗಡಿಯ ಎರಡೂ ಕಡೆಗೆ ಹರಿದರು. ಪಂಜಾಬಿನಲ್ಲಿ ಅದಲುಬದಲು ಕೆಲವೇ ತಿಂಗಳಲ್ಲಿ ರಕ್ತ ಹರಿಸಿ ಮುಗಿಯಿತು. ಬಂಗಾಳದಲ್ಲಿ ದಶಕಗಳವರೆಗೆ ಎಳೆಯಿತು. 1950ರ ಏಪ್ರಿಲ್ 8ರಂದು ನೆಹರೂ ಮತ್ತು ಲಿಯಾಕತ್ ಅಲಿ ಖಾನ್ ಮಾಡಿಕೊಂಡ ಒಪ್ಪಂದ, ಎರಡೂ ದೇಶಗಳ ಅಲ್ಪಸಂಖ್ಯಾತರಿಗೆ ಇದ್ದಲ್ಲೇ ರಕ್ಷಣೆ ಕೊಡುವ ಮಾತಿನ ಮೇಲೆ ನಿಂತಿತ್ತು. ಅದನ್ನು ವಿರೋಧಿಸಿ ಶ್ಯಾಮಾಪ್ರಸಾದ್ ಮುಖರ್ಜಿ ಕೇಂದ್ರ ಸಂಪುಟದಿಂದ ಹೊರಬಂದರು. ಪಾಕಿಸ್ತಾನದ ಮೊದಲ ಕಾನೂನು ಸಚಿವ, ದಲಿತ ನಾಯಕ ಜೋಗೇಂದ್ರನಾಥ ಮಂಡಲ್ ಅದೇ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದರು. ಪಾಕಿಸ್ತಾನದಲ್ಲಿ ದಲಿತರಿಗೆ ಭವಿಷ್ಯವಿದೆ ಎಂದು ನಂಬಿ ಅಲ್ಲಿ ಉಳಿದವರು ಅವರು. ಒಪ್ಪಂದ ಎಷ್ಟು ಹಿಡಿದಿಟ್ಟಿತು ಎಂಬುದಕ್ಕೆ ಅವರ ನಿರ್ಗಮನ ಒಂದು ಕಹಿ ಉತ್ತರ.

1971ರಲ್ಲಿ ಪೂರ್ವ ಪಾಕಿಸ್ತಾನದ ಸೇನಾ ದಾಳಿಯಿಂದ ಸುಮಾರು ಒಂದು ಕೋಟಿ ಜನ ಬಂದರು. ಬಹುಪಾಲು ಹಿಂದೂಗಳು, ಜೊತೆಗೆ ಬಂಗಾಳಿ ಮುಸ್ಲಿಮರೂ. ಬಾಂಗ್ಲಾದೇಶ ಹುಟ್ಟಿದ ಮೇಲೆ ಹೆಚ್ಚಿನವರು ಮರಳಿದರು. ಅದಕ್ಕೂ ಮೊದಲೇ ಬಂದು ಉಳಿದವರಲ್ಲಿ ಜಾತಿಯ ಏಣಿ ಎದ್ದು ಕಾಣುತ್ತದೆ. ಮೊದಲು ಬಂದ ಮೇಲ್ಜಾತಿಯ, ಓದಿದ ಕುಟುಂಬಗಳು ಕೋಲ್ಕತ್ತದ ಸುತ್ತ ಕಾಲೊನಿ ಕಟ್ಟಿಕೊಂಡವು. ನಂತರ ಬಂದ ದಲಿತ ನಾಮಶೂದ್ರ ರೈತರನ್ನು 1958ರಲ್ಲಿ ಶುರುವಾದ ದಂಡಕಾರಣ್ಯ ಯೋಜನೆಯ ಕಲ್ಲುನೆಲಕ್ಕೆ ಕಳಿಸಲಾಯಿತು. ಅಲ್ಲಿಂದ ಬಂಗಾಳಕ್ಕೆ ಹಿಂತಿರುಗಿ ಸುಂದರಬನದ ಮರಿಚ್‌ಝಾಪಿ ದ್ವೀಪದಲ್ಲಿ ನೆಲೆಯೂರಿದವರನ್ನು 1979ರಲ್ಲಿ ರಾಜ್ಯ ಸರ್ಕಾರವೇ ಬಲವಂತದಿಂದ ತೆರವುಗೊಳಿಸಿತು. ಸತ್ತವರೆಷ್ಟು ಎಂಬ ವಿವಾದ ಇನ್ನೂ ಮುಗಿದಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಶಿಬಿರಗಳಾದ ಆರ್.ಎಚ್. ಕ್ಯಾಂಪ್‌ಗಳು ಇದೇ ಚರಿತ್ರೆಯ ಕವಲು. ತುಂಗಭದ್ರೆಯ ಸೀಮೆಯಲ್ಲಿ ಬಂಗಾಳಿ ಮಾತಾಡುವ ಈ ಊರುಗಳಲ್ಲಿ ಪೌರತ್ವ, ಜಾತಿ ಪ್ರಮಾಣಪತ್ರಗಳ ಬೇಡಿಕೆ ತಲೆಮಾರುಗಳಿಂದ ನಡೆದಿದೆ. ಸ್ವಮತದ ದೇಶಕ್ಕೆ ಬಂದರೂ ಆಶ್ರಯ ತಾನಾಗಿ ಪೂರ್ಣವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಬೇಡ.

ಇನ್ನೊಂದು ಕವಲು ಚಕ್ಮಾ ಮತ್ತು ಹಾಜೊಂಗ್ ಜನರದು. ಚಿತ್ತಗಾಂಗ್ ಗುಡ್ಡನಾಡಿನ ಬೌದ್ಧ ಚಕ್ಮಾರ ಹೊಲಗಳನ್ನು ಕಾಪ್ತಾಯ್ ಅಣೆಕಟ್ಟು ಮುಳುಗಿಸಿತು. ಹಿಂದೂ ಹಾಜೊಂಗರನ್ನು ಕೋಮುಹಿಂಸೆ ಓಡಿಸಿತು. 1964ರಿಂದ ಅವರನ್ನು ಇಂದಿನ ಅರುಣಾಚಲದಲ್ಲಿ ನೆಲೆಗೊಳಿಸಲಾಯಿತು. ಅಲ್ಲಿನ ಬುಡಕಟ್ಟುಗಳು ವಿರೋಧಿಸಿದವು. ಮುಳುಗಡೆಯಿಂದ ಬಂದವನು ಯಾರು, ಮತದ ಕಾರಣಕ್ಕೆ ಬಂದವನು ಯಾರು ಎಂದು ಇಲ್ಲಿ ಗೆರೆ ಎಳೆಯುವುದು ಕಷ್ಟ. ಅಲ್ಪಸಂಖ್ಯಾತರ ನೆಲವನ್ನೇ ಮುಳುಗಡೆಗೆ ಆರಿಸುವುದರ ಹಿಂದೆಯೂ ಅವರ ಮಾತಿಗೆ ಬೆಲೆಯಿಲ್ಲವೆಂಬ ಲೆಕ್ಕ ಇರುತ್ತದೆ.

ಐದು ವಿಚಾರಧಾರೆಗಳು

*ಇದ್ದಲ್ಲೇ ಕಾಪಾಡಬೇಕು.* ಬುಕ್ಕರಾಯನ ತೀರ್ಪು, 1919ರ ಒಪ್ಪಂದಗಳು, ನೆಹರೂ–ಲಿಯಾಕತ್ ಒಪ್ಪಂದ ಈ ಸಾಲಿನವು. ಈ ವಾದದ ಬಲ ದೊಡ್ಡದು: ಅಲ್ಪಸಂಖ್ಯಾತರನ್ನು ಕರೆದುಕೊಂಡು ಬರುವುದೆಂದರೆ ಓಡಿಸಿದವರ ಆಸೆಯನ್ನೇ ಈಡೇರಿಸಿದಂತೆ. ಇರಾಕಿನ ಕಲ್ದಿಯನ್ ಚರ್ಚಿನ ಪೇಟ್ರಿಯಾರ್ಕ್ ಲೂಯಿ ಸಾಕೋ, ಕ್ರೈಸ್ತರ ಸಾಮೂಹಿಕ ವಲಸೆಯನ್ನು ಪ್ರೋತ್ಸಾಹಿಸಬೇಡಿ ಎಂದು ಪಾಶ್ಚಾತ್ಯ ದೇಶಗಳನ್ನು ಪದೇ ಪದೇ ಕೇಳಿಕೊಂಡದ್ದು ಇದೇ ಕಾರಣಕ್ಕೆ. ಸುಮಾರು ಎರಡು ಸಾವಿರ ವರ್ಷಗಳ ಸಮುದಾಯವೊಂದು ತನ್ನ ನೆಲದಿಂದ ಅಳಿಸಿಹೋಗುವ ಭಯ ಅದು. ಆದರೆ ಕಾಯುವ ಕೈ ಯಾವುದು ಎಂಬ ಪ್ರಶ್ನೆಗೆ ಈ ವಾದ ತಡವರಿಸುತ್ತದೆ. ಬುಕ್ಕರಾಯನಿಗೆ ತನ್ನ ಮಾತು ನಡೆಸುವ ಬಲವಿತ್ತು; ಗಡಿಯಾಚೆಯ ಒಪ್ಪಂದಕ್ಕೆ ಅಂಥ ಬಲವಿಲ್ಲ. ಕೊಲ್ಲುವವರು ಬೀದಿಯ ತುದಿಯಲ್ಲಿ ನಿಂತಿರುವಾಗ ಒಬ್ಬ ತಾಯಿಗೆ ಪರಂಪರೆಯ ಹೆಸರಿನಲ್ಲಿ ಉಳಿಯೆಂದು ಹೇಳುವ ಹಕ್ಕು ಯಾರಿಗೂ ಇಲ್ಲ.

*ನಮ್ಮವರಿಗೆ ಮೊದಲು.* ಜಗತ್ತಿನಲ್ಲಿ ಬೇರೆಲ್ಲೂ ಬಾಗಿಲು ತೆರೆಯದ ಜನಕ್ಕೆ ಕೊನೆಯ ಮನೆಯೊಂದು ಇರಲೇಬೇಕು ಎಂಬುದು ಇದರ ತಿರುಳು. ಏವಿಯಾನ್‌ನ ನೆನಪಿನಲ್ಲಿ ಹುಟ್ಟಿದ ಇಸ್ರೇಲ್‌ನ 1950ರ ಮರಳುವಿಕೆಯ ಕಾಯ್ದೆ ಇದಕ್ಕೆ ಹೆಸರಾದ ಉದಾಹರಣೆ. ಭಾರತದ 2019ರ ಕಾಯ್ದೆಯ ಬೆಂಬಲಿಗರದೂ ಇದೇ ಧಾಟಿ. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಅದು ಪೌರತ್ವದ ಹಾದಿ ತೆರೆಯಿತು. 11 ವರ್ಷಗಳ ವಾಸದ ಷರತ್ತನ್ನು 5ಕ್ಕೆ ಇಳಿಸಿತು. ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದವು. ಬೆಂಬಲಿಗರ ಮಾತಿನಲ್ಲಿ ಸತ್ಯವಿದೆ. 2018ರಲ್ಲಿ ಜಲಾಲಾಬಾದಿನಲ್ಲಿ, 2020ರಲ್ಲಿ ಕಾಬೂಲಿನ ಗುರುದ್ವಾರದಲ್ಲಿ ಸಿಖ್ಖರನ್ನು ಹುಡುಕಿ ಕೊಂದಾಗ ಅವರು ನೋಡಿದ್ದು ಭಾರತದ ಕಡೆಗೇ. ಸಿಂಧ್‌ನಿಂದ ಬಂದು ರಾಜಸ್ಥಾನದ ಬಿಡಾರಗಳಲ್ಲಿ ವರ್ಷಗಟ್ಟಲೆ ಕಾಯುವ ಹಿಂದೂ ಕುಟುಂಬಗಳ ಕಷ್ಟ ಕಲ್ಪಿತವಲ್ಲ.

ಈ ವಾದ ಬಿಟ್ಟುಬಿಡುವವರೂ ಅಷ್ಟೇ ನಿಜ. ಪಾಕಿಸ್ತಾನ 1974ರಲ್ಲಿ ಸಂವಿಧಾನ ತಿದ್ದಿ ಅಹ್ಮದಿಯರನ್ನು ಮುಸ್ಲಿಮರಲ್ಲವೆಂದು ಘೋಷಿಸಿತು. 1984ರ ಸುಗ್ರೀವಾಜ್ಞೆ ಅವರ ಪ್ರಾರ್ಥನಾಮಂದಿರವನ್ನು ಮಸೀದಿ ಎನ್ನುವುದನ್ನೂ ಅಜಾನ್ ಕೂಗುವುದನ್ನೂ ಜೈಲುಶಿಕ್ಷೆಯ ಅಪರಾಧವಾಗಿಸಿತು. ಅಫ್ಘಾನಿಸ್ತಾನದ ಶಿಯಾ ಹಜಾರಾಗಳ ಶಾಲೆ, ಮಸೀದಿಗಳ ಮೇಲೆ ಬಾಂಬ್ ಬಿದ್ದಿದೆ. 2019ರ ಕಾಯ್ದೆಯ ಪಟ್ಟಿಯಲ್ಲಿ ಇವರಿಲ್ಲ. ದೇಶಗಳ ಪಟ್ಟಿಯಲ್ಲಿ ಚೀನಾ ಇಲ್ಲದ್ದರಿಂದ ಟಿಬೆಟಿನ ಬೌದ್ಧರಿಲ್ಲ. ಶ್ರೀಲಂಕಾ ಇಲ್ಲದ್ದರಿಂದ ಅಲ್ಲಿನ ತಮಿಳು ಹಿಂದೂಗಳೂ ಇಲ್ಲ. ಬಂಧುತ್ವವೇ ಆಧಾರವೆಂದರೂ ಪಟ್ಟಿ ಅದಕ್ಕೆ ಸರಿಹೊಂದುವುದಿಲ್ಲ, ಕಿರುಕುಳವೇ ಆಧಾರವೆಂದರೂ ಸರಿಹೊಂದುವುದಿಲ್ಲ. ಸುಪ್ರೀಂ ಕೋರ್ಟಿನ ಮುಂದಿರುವ ಇನ್ನೂರಕ್ಕೂ ಹೆಚ್ಚು ಅರ್ಜಿಗಳ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು: ಸಂವಿಧಾನದ 14ನೇ ವಿಧಿ ಕೇಳುವ ಸಕಾರಣ ವರ್ಗೀಕರಣ ಇದರಲ್ಲಿದೆಯೇ?

*ಎಲ್ಲರಿಗೂ ಒಂದೇ ನಿಯಮ.* 1951ರ ಒಪ್ಪಂದದ ತತ್ತ್ವವಿದು. ಬಂದವನ ಮತ ಯಾವುದೆಂದು ಕೇಳದೆ, ಮತದ ಕಾರಣಕ್ಕೆ ಅವನಿಗೆ ಏನಾಯಿತೆಂದು ಕೇಳಬೇಕು. ಸಹಿ ಹಾಕದ ಭಾರತದಲ್ಲೂ ಇದರ ಎಳೆಗಳಿವೆ. ಚಕ್ಮಾರನ್ನು ಬಲವಂತದಿಂದ ಓಡಿಸುವ ಬೆದರಿಕೆ ಬಂದಾಗ, 1996ರಲ್ಲಿ ಸುಪ್ರೀಂ ಕೋರ್ಟ್ 21ನೇ ವಿಧಿಯ ಜೀವರಕ್ಷಣೆ ಪೌರರಿಗಷ್ಟೇ ಅಲ್ಲ, ಪ್ರತಿಯೊಬ್ಬ ವ್ಯಕ್ತಿಗೂ ಇದೆಯೆಂದಿತು. 2011ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವೇ ಒಂದು ಕಾರ್ಯವಿಧಾನ ರೂಪಿಸಿ, ಜನಾಂಗ, ಧರ್ಮ, ಲಿಂಗ, ರಾಷ್ಟ್ರೀಯತೆ ಮೊದಲಾದ ಕಾರಣಗಳಿಂದ ಕಿರುಕುಳದ ಸಕಾರಣ ಭಯವಿರುವವರಿಗೆ ದೀರ್ಘಾವಧಿ ವೀಸಾ ಕೊಡಲು ಅವಕಾಶ ಮಾಡಿತ್ತು. ಮತದ ಪಟ್ಟಿಯಿಲ್ಲದ ಅಳತೆಗೋಲು ನಮ್ಮ ಆಡಳಿತಕ್ಕೆ ಅಪರಿಚಿತವಲ್ಲ ಎಂಬುದನ್ನು ಈ ಚರ್ಚೆಯಲ್ಲಿ ಮರೆಯುತ್ತೇವೆ. ಈ ವಾದದ ದೌರ್ಬಲ್ಯ ಬೇರೆ ಕಡೆ ಇದೆ. ಒಬ್ಬೊಬ್ಬರ ಕಥೆಯನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವ ವ್ಯವಸ್ಥೆ ಲಕ್ಷಗಟ್ಟಲೆ ಜನ ಒಮ್ಮೆಗೇ ಬಂದಾಗ ಕುಸಿಯುತ್ತದೆ. ಅಷ್ಟೇ ಅಲ್ಲ, ಗಡಿಯವರೆಗೆ ನಡೆದು ಬರಲಾರದ ಮುದುಕರು, ಒತ್ತೆಯಾಳು ಹೆಣ್ಣುಮಕ್ಕಳು ಅದರ ಕಣ್ಣಿಗೇ ಬೀಳುವುದಿಲ್ಲ.

*ಹೆಚ್ಚು ಅಪಾಯದಲ್ಲಿರುವವರಿಗೆ ಮೊದಲು.* ಆ ಕೊರತೆ ತುಂಬಲು ಬಂದದ್ದು ಈ ವಾದ. ಅಮೆರಿಕ 1989ರ ಲಾಟನ್‌ಬರ್ಗ್ ತಿದ್ದುಪಡಿಯ ಮೂಲಕ ಸೋವಿಯತ್ ಒಕ್ಕೂಟದ ಯಹೂದಿಗಳು, ಇವಾಂಜೆಲಿಕಲ್ ಕ್ರೈಸ್ತರು ಮೊದಲಾದವರಿಗೆ ಸಾಬೀತಿನ ಹೊರೆ ಹಗುರ ಮಾಡಿತು. ನಂತರ ಇರಾನಿನ ಯಹೂದಿ, ಕ್ರೈಸ್ತ, ಬಹಾಯಿಗಳನ್ನೂ ಸೇರಿಸಿತು. 2014ರ ಆಗಸ್ಟಿನಲ್ಲಿ ಐಸಿಸ್ ಪಡೆ ಇರಾಕಿನ ಸಿಂಜಾರ್‌ಗೆ ನುಗ್ಗಿ ಯಜೀದಿ ಮತದ ಗಂಡಸರನ್ನು ಕೊಂದು ಹೆಂಗಸರನ್ನು ಗುಲಾಮರಾಗಿ ಮಾರಿದ ಮೇಲೆ, ಜರ್ಮನಿಯ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಪಾರಾದ ಸುಮಾರು ಸಾವಿರ ಹೆಂಗಸರನ್ನೂ ಮಕ್ಕಳನ್ನೂ ವಿಮಾನದಲ್ಲಿ ಕರೆಸಿಕೊಂಡು ಚಿಕಿತ್ಸೆ, ವಸತಿ ಕೊಟ್ಟಿತು. 2018ರ ನೊಬೆಲ್ ಶಾಂತಿ ಪುರಸ್ಕೃತೆ ನಾದಿಯಾ ಮುರಾದ್ ಆ ಯೋಜನೆಯಲ್ಲಿ ಬಂದವರು. ಇಲ್ಲಿ ಮತದ ಹೆಸರು ಸರಿಯಾದ ಜಾಗದಲ್ಲಿದೆ: ಕಿರುಕುಳ ಕೊಟ್ಟವರೇ ಆ ಹೆಸರಿನಿಂದ ಆರಿಸಿದ್ದರಿಂದ, ಕಾಪಾಡುವವರೂ ಅದನ್ನು ಸಾಕ್ಷಿಯಾಗಿ ಒಪ್ಪುತ್ತಾರೆ. ಆದರೂ ಪಟ್ಟಿ ಸೇರುವುದು ಅಪಾಯದ ಪ್ರಮಾಣದಿಂದಲೋ, ಪರದೇಶದಲ್ಲಿ ಪರವಾಗಿ ಮಾತಾಡುವವರ ಪ್ರಭಾವದಿಂದಲೋ ಎಂಬ ಅನುಮಾನ ಉಳಿಯುತ್ತದೆ. ಮಾತಾಡುವವರೇ ಇಲ್ಲದ ಸಣ್ಣ ಪಂಥಗಳು ಇಂಥ ಪಟ್ಟಿಗಳಲ್ಲಿ ಕಾಣುವುದೇ ಇಲ್ಲ.

*ಆಶ್ರಯ ಕೊಡುವ ನೆಲದ ಮಾತು.* ಅಸ್ಸಾಮಿನಲ್ಲಿ 2019ರ ಕಾಯ್ದೆಗೆ ಎದ್ದ ವಿರೋಧ ಬೆಂಗಳೂರು, ದೆಹಲಿಯ ವಿರೋಧದಂತಿರಲಿಲ್ಲ. 1985ರ ಅಸ್ಸಾಂ ಒಪ್ಪಂದ 1971ರ ಮಾರ್ಚ್ 24ರ ನಂತರ ಬಂದವರನ್ನು ಮತ ನೋಡದೆ ಹೊರಗಿಡುವ ಮಾತು ಕೊಟ್ಟಿತ್ತು. ಭಾಷೆ, ನೆಲ, ಮತಪೆಟ್ಟಿಗೆಯ ಆತಂಕ ಅಲ್ಲಿಯದು. ಅರುಣಾಚಲದ ಬುಡಕಟ್ಟುಗಳ ಭಯವೂ ಅದೇ. ಇದನ್ನು ಬರೀ ಪರದ್ವೇಷವೆಂದು ತಳ್ಳಿಹಾಕುವುದು ಅನ್ಯಾಯ; ದೇಶದ ಔದಾರ್ಯದ ಖರ್ಚನ್ನು ಗಡಿಯ ಬಡ ಜಿಲ್ಲೆಗಳೇ ಹೊರುತ್ತವೆ. ಜಗತ್ತಿನಲ್ಲೂ ಹಾಗೆಯೇ: ನಿರಾಶ್ರಿತರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. 2017ರ ಆಗಸ್ಟ್ ನಂತರ ಮ್ಯಾನ್ಮಾರ್‌ನಿಂದ ಓಡಿಬಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರನ್ನು ಹೊತ್ತದ್ದು ಬಾಂಗ್ಲಾದೇಶ. ಆದರೆ ಈ ವಾದ ಭಾರ ಹಂಚುವುದಕ್ಕೆ ಕಾರಣವಾಗಬೇಕೇ ಹೊರತು, ಬಂದವರನ್ನು ಸಾವಿನ ಬಾಯಿಗೆ ಹಿಂದಕ್ಕೆ ತಳ್ಳುವುದಕ್ಕಲ್ಲ.

ನಂಬಿಕೆಯನ್ನು ಅಳೆಯುವುದು ಹೇಗೆ?

ಕಿರುಕುಳವೇ ಅಳತೆಗೋಲು ಎಂದೊಡನೆ ಅದನ್ನು ಪತ್ತೆಹಚ್ಚುವ ಕಷ್ಟ ಎದುರಾಗುತ್ತದೆ. ಬಹಳ ಕಾಲ ಅಧಿಕಾರಿಗಳು ಅರ್ಜಿದಾರರಿಗೆ ಒಂದು ಸುಲಭದ ಮಾತು ಹೇಳುತ್ತಿದ್ದರು: ನಿಮ್ಮ ನಂಬಿಕೆಯನ್ನು ಮನೆಯೊಳಗೆ ಇಟ್ಟುಕೊಂಡರೆ ಯಾರೂ ನಿಮ್ಮನ್ನು ಮುಟ್ಟುವುದಿಲ್ಲ. ಜರ್ಮನಿಯಲ್ಲಿ ಆಶ್ರಯ ಕೋರಿದ ಪಾಕಿಸ್ತಾನದ ಇಬ್ಬರು ಅಹ್ಮದಿಯರ ಪ್ರಕರಣದಲ್ಲಿ, 2012ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಸಾರ್ವಜನಿಕವಾಗಿ ಪೂಜಿಸುವುದೂ ಧರ್ಮದ ಭಾಗ; ಬಚ್ಚಿಟ್ಟುಕೊಂಡು ಬದುಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ ಎಂದಿತು. ತುಳಸಿ ಗಿಡ ನೆಡಬಾರದೆಂದ 1736ರ ಗೋವಾದಲ್ಲಿ ಆ ಗಿಡದ ಹಿಂದೆ ಏನಿತ್ತೆಂದು ತಿಳಿದ ನಮಗೆ ಈ ತೀರ್ಪಿನ ಸೂಕ್ಷ್ಮ ಅರ್ಥವಾಗುತ್ತದೆ.

ಇನ್ನೂ ಜಟಿಲವಾದದ್ದು ಮತಾಂತರಗೊಂಡವರ, ನಂಬಿಕೆ ಬಿಟ್ಟವರ ವಿಷಯ. ಇರಾನಿನಿಂದ ಬಂದು ಯುರೋಪಿನಲ್ಲಿ ಕ್ರೈಸ್ತನಾದೆನೆನ್ನುವವನ ಮನಸ್ಸು ನಿಜವೋ, ಕಾಗದಕ್ಕಾಗಿಯೋ? ಬೈಬಲ್ಲಿನ ಪ್ರಶ್ನೆ ಕೇಳಿ ಪರೀಕ್ಷಿಸುವ ಅಧಿಕಾರಿ ಹುಟ್ಟಿನಿಂದ ಕ್ರೈಸ್ತನಾದವನಿಗೂ ಉತ್ತರ ಬರದ ಪ್ರಶ್ನೆ ಕೇಳಿರಬಹುದು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ 2004ರಲ್ಲಿ ಹೊರತಂದ ಮಾರ್ಗಸೂಚಿ ಒಂದು ದಾರಿ ತೋರಿಸುತ್ತದೆ: ಅರ್ಜಿದಾರನಿಗೆ ಎಷ್ಟು ಗೊತ್ತು ಎನ್ನುವುದಕ್ಕಿಂತ ಅವನ ಬದುಕಿನಲ್ಲಿ ಆ ನಂಬಿಕೆಗೆ ಏನು ಸ್ಥಾನ ಎಂಬುದನ್ನು ಕೇಳಬೇಕು, ನಂಬಿಕೆಯೇ ಇಲ್ಲದಿದ್ದರೂ ಇದೆಯೆಂದು ಭಾವಿಸಿ ಹಿಂಸಿಸುವವರಿದ್ದರೆ ಅದೂ ಕಿರುಕುಳವೇ. ನಾಸ್ತಿಕರೂ ಇದರೊಳಗೆ ಬರುತ್ತಾರೆ. ಬಾಂಗ್ಲಾದೇಶದಲ್ಲಿ 2013ರಿಂದ ಕೊಲೆಯಾದ ವಿಚಾರವಾದಿ ಬರಹಗಾರರಲ್ಲಿ ಮುಸ್ಲಿಂ ಕುಟುಂಬಗಳಲ್ಲಿ ಹುಟ್ಟಿದವರೂ ಇದ್ದರು. ಮತದ ಪಟ್ಟಿ ಮಾಡುವ ಕಾಯ್ದೆಯಲ್ಲಿ ಅವರಿಗೆ ಜಾಗವೆಲ್ಲಿ?

ಬಂದ ಮೇಲಿನ ಬದುಕು

ಆಶ್ರಯ ಗಡಿಯಲ್ಲಿ ಮುಗಿಯುವುದಿಲ್ಲ. ಇದನ್ನು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1959ರಲ್ಲಿ ದಲೈ ಲಾಮಾ ಮತ್ತು ಅವರ ಹಿಂದೆ ಸಾವಿರಾರು ಟಿಬೆಟನ್ನರು ಬಂದಾಗ ನೆಹರೂ ರಾಜ್ಯಗಳನ್ನು ಜಮೀನು ಕೇಳಿದರು. ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕೊಟ್ಟಿತು. ದಲೈ ಲಾಮಾ ಈ ನೆರವಿಗಾಗಿ ಎಸ್. ನಿಜಲಿಂಗಪ್ಪನವರನ್ನು ಅನೇಕ ಬಾರಿ ಸಾರ್ವಜನಿಕವಾಗಿ ನೆನೆದಿದ್ದಾರೆ. ಮುಂದೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾ‌ಲದ ಒಡೆಯರಪಾಳ್ಯಗಳಲ್ಲೂ ನೆಲೆಗಳಾದವು. ಹಿಮದ ಬಯಲಿನಿಂದ ಬಂದವರು ಕಾಡು ಕಡಿದು, ಆನೆಗಳ ಹಾವಳಿ, ಸೆಕೆ, ರೋಗಗಳ ನಡುವೆ ಮುಸುಕಿನ ಜೋಳ ಬೆಳೆದರು. ಚಳಿಗಾಲದಲ್ಲಿ ನಮ್ಮ ಊರೂರುಗಳಲ್ಲಿ ಸ್ವೆಟರ್ ಮಾರಿದರು. ಲಾಸಾದ ಸುತ್ತ ನಾಶಕ್ಕೊಳಗಾದ ಸೆರಾ, ಡ್ರೆಪುಂಗ್, ಗಾಂದೆನ್ ಮಹಾವಿಹಾರಗಳು ಬೈಲಕುಪ್ಪೆ ಮತ್ತು ಮುಂಡಗೋಡದಲ್ಲಿ ಮತ್ತೆ ಎದ್ದವು. ಒಟ್ಟಾಗಿ ನೆಲೆಗೊಳಿಸಿದ್ದರಿಂದ, ಅವರದೇ ಶಾಲೆ, ಮಠಗಳಿಗೆ ಅವಕಾಶವಿತ್ತದ್ದರಿಂದ ಒಂದು ಧರ್ಮದ ಪಾಠಪರಂಪರೆ ಉಳಿಯಿತು. ಜೀವ ಉಳಿಸುವುದರ ಜೊತೆಗೆ ನಂಬಿಕೆಯ ಬದುಕನ್ನೂ ಉಳಿಸಿದ ಆಶ್ರಯ ಇದು. ಕರ್ನಾಟಕ ಹೆಮ್ಮೆಪಡಬೇಕಾದ ಕೆಲಸ.

ಆದರೂ ಆರು ದಶಕಗಳ ನಂತರ ಹೆಚ್ಚಿನವರ ಕೈಯಲ್ಲಿರುವುದು ವಿದೇಶೀಯರ ನೋಂದಣಿ ಪತ್ರವೇ. ಜಮೀನು ಗುತ್ತಿಗೆಯದು. 1950ರಿಂದ 1987ರ ಜುಲೈವರೆಗೆ ಇಲ್ಲಿ ಹುಟ್ಟಿದವರು ಕಾನೂನಿನಂತೆ ಹುಟ್ಟಿನಿಂದಲೇ ಪೌರರು. ಅದನ್ನು ದಕ್ಕಿಸಿಕೊಳ್ಳಲು ನ್ಯಾಯಾಲಯಕ್ಕೆ ಹೋಗಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟವು. 2014ರಲ್ಲಿ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಎಷ್ಟೋ ಯುವಕರು ಯುರೋಪ್, ಅಮೆರಿಕಕ್ಕೆ ಹೋಗುತ್ತಿದ್ದಾರೆ, ಕ್ಯಾಂಪ್‌ಗಳು ಖಾಲಿಯಾಗುತ್ತಿವೆ. ಪೌರತ್ವ ಪಡೆದರೆ ಟಿಬೆಟಿನ ಹೋರಾಟ ಕೈಬಿಟ್ಟಂತೆ ಎನ್ನುವ ಹಿರಿಯರೂ ಇದ್ದಾರೆ, ಕಾಗದವಿಲ್ಲದ ಬದುಕು ಸಾಕೆನ್ನುವ ಕಿರಿಯರೂ ಇದ್ದಾರೆ. ಎರಡೂ ಮಾತು ಒಂದೇ ಮನೆಯೊಳಗೆ ಕೇಳುತ್ತವೆ.

ಇದರ ಪಕ್ಕಕ್ಕೆ ರೋಹಿಂಗ್ಯಾಗಳನ್ನು ಇಟ್ಟು ನೋಡಬೇಕು. 1982ರ ಮ್ಯಾನ್ಮಾರ್ ಪೌರತ್ವ ಕಾಯ್ದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿಸಿತು. ಅವರ ಮೇಲೆ ನರಮೇಧ ನಡೆದಿದೆಯೆಂಬ ದಾವೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2020ರ ಜನವರಿಯಲ್ಲಿ ಅವರ ರಕ್ಷಣೆಗೆ ಮಧ್ಯಂತರ ಆದೇಶ ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಗಡಿಪಾರಾಗದಿರುವ ಹಕ್ಕು ಪೌರರಿಗಷ್ಟೇ ಇರುವ ನೆಲೆಸುವ ಹಕ್ಕಿನ ಜೊತೆಗೆ ಬರುವಂಥದ್ದೆಂದು ಹೇಳಿ, ನಿಯಮ ಪಾಲಿಸಿ ಗಡಿಪಾರು ಮಾಡಲು ಅಡ್ಡಿ ಬರಲಿಲ್ಲ. ಭದ್ರತೆಯ ಕಾರಣವನ್ನು ಸರ್ಕಾರ ಮುಂದಿಟ್ಟಿದೆ. ಅಪರಾಧಿಯೊಬ್ಬನನ್ನು ತನಿಖೆ ಮಾಡಿ ಹೊರಗಿಡಲು ಯಾವ ನಿರಾಶ್ರಿತರ ಕಾನೂನೂ ಅಡ್ಡಿ ಮಾಡುವುದಿಲ್ಲ. ಇಡೀ ಜನಾಂಗವನ್ನು ಅಪರಾಧಿಯೆನ್ನುವುದಕ್ಕೆ ಯಾವ ನ್ಯಾಯವೂ ಒಪ್ಪಲಾರದು.

ಇನ್ನೂ ಇತ್ಯರ್ಥವಾಗದವು

ಇಷ್ಟು ಚರಿತ್ರೆ, ಇಷ್ಟು ವಾದಗಳ ನಂತರವೂ ಕೆಲವು ಪ್ರಶ್ನೆಗಳು ತೆರೆದೇ ಇವೆ.

ಮೊದಲನೆಯದು, ಸಂಕಟದಲ್ಲಿರುವ ಸಮುದಾಯವನ್ನು ಹೊರತರುವುದಕ್ಕೂ ಅದರ ನೆಲೆ ಉಳಿಸುವುದಕ್ಕೂ ನಡುವಿನ ಸೆಣಸು. ಕಾಬೂಲಿನ ಸಿಖ್ಖರು ಹೆಚ್ಚುಕಡಿಮೆ ಎಲ್ಲರೂ ಹೊರಟರು. ಜೀವಗಳು ಉಳಿದವು, ಅಲ್ಲಿ ಶತಮಾನಗಳಿಂದಿದ್ದ ಒಂದು ಸಮುದಾಯ ಇಲ್ಲವಾಯಿತು. ಒಬ್ಬ ವ್ಯಕ್ತಿಯ ಹಕ್ಕು ಮೊದಲೆಂದು ನಾನು ನಂಬುತ್ತೇನೆ, ಆದರೆ ಆ ನಷ್ಟಕ್ಕೆ ಪರಿಹಾರ ಏನೆಂದು ಯಾವ ವಾದವೂ ಹೇಳಿಲ್ಲ.

ಎರಡನೆಯದು ದಿನಾಂಕದ ಗೆರೆ. 2014ರ ಡಿಸೆಂಬರ್ 31ಕ್ಕೆ ಗೆರೆ ಎಳೆದರೆ, ತಾಲಿಬಾನ್ ಮರಳಿದ 2021ರ ಆಗಸ್ಟ್ ನಂತರ ಬಂದವರು ಏನಾಗಬೇಕು? 2025ರಲ್ಲಿ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆಯಡಿ ಬಂದ ಆದೇಶ, ಅದೇ ಆರು ಮತಗಳವರಲ್ಲಿ 2024ರ ಕೊನೆಯವರೆಗೆ ಬಂದವರಿಗೆ ದಾಖಲೆ ಇಲ್ಲದ್ದಕ್ಕೆ ಶಿಕ್ಷೆಯಿಂದ ವಿನಾಯಿತಿ ಕೊಟ್ಟಿತು. ಪೌರತ್ವದ ಗೆರೆ ಮಾತ್ರ ಸರಿದಿಲ್ಲ. ಕಿರುಕುಳಕ್ಕೆ ಕೊನೆಯ ದಿನಾಂಕ ಇರುವುದಿಲ್ಲ.

ಮೂರನೆಯದು ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರದು. ನಾಮಶೂದ್ರರ ಅನುಭವ ತೋರಿಸಿದಂತೆ, ಒಂದು ಮತದ ಹೆಸರಿನಲ್ಲಿ ತೆರೆದ ಬಾಗಿಲು ಆ ಮತದೊಳಗಿನ ಎಲ್ಲರಿಗೂ ಸಮನಾಗಿ ತೆರೆಯುವುದಿಲ್ಲ. ಹೆಂಗಸರಿಗೆ, ಜಾತಿಯಲ್ಲಿ ಕೆಳಗಿಟ್ಟವರಿಗೆ ಯಾವ ವ್ಯವಸ್ಥೆ ನ್ಯಾಯ ಕೊಟ್ಟೀತೆಂಬುದರ ಅಧ್ಯಯನ ಈಗಷ್ಟೇ ಚಿಗುರುತ್ತಿದೆ.

ನಾಲ್ಕನೆಯದು ಭಾರ ಹಂಚಿಕೆ. ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 2024ರ ಕೊನೆಗೆ 12 ಕೋಟಿ ದಾಟಿದ್ದರು. ಶ್ರೀಮಂತ ದೇಶಗಳು ತಮ್ಮ ಕೋಟಾಗಳನ್ನು ಕುಗ್ಗಿಸುತ್ತಿರುವಾಗ ಬಾಂಗ್ಲಾದೇಶಕ್ಕೆ, ಅಸ್ಸಾಮಿಗೆ ಔದಾರ್ಯದ ಪಾಠ ಹೇಳುವ ನೈತಿಕ ಬಲ ಯಾರಿಗಿದೆ?

ಕೊನೆಯದು ಭಾರತದ ಕಾನೂನಿನ ಪ್ರಶ್ನೆ. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ನೇತೃತ್ವದಲ್ಲಿ 1990ರ ದಶಕದಲ್ಲೇ ಒಂದು ಮಾದರಿ ನಿರಾಶ್ರಿತರ ಕಾನೂನು ಸಿದ್ಧವಾಗಿತ್ತು. ಶಶಿ ತರೂರ್ 2015ರಲ್ಲಿ ಖಾಸಗಿ ಮಸೂದೆಯಾಗಿ ಆಶ್ರಯದ ಕಾನೂನನ್ನು ಲೋಕಸಭೆಯ ಮುಂದಿಟ್ಟರು. ಯಾವುದೂ ಕಾಯ್ದೆಯಾಗಲಿಲ್ಲ. ಹೀಗಾಗಿ ಟಿಬೆಟನ್ನರಿಗೆ ಒಂದು ನೀತಿ, ಶ್ರೀಲಂಕಾದ ತಮಿಳರಿಗೆ ಇನ್ನೊಂದು, ಅಫ್ಘನ್ನರಿಗೆ ಮತ್ತೊಂದು, ರೋಹಿಂಗ್ಯಾಗಳಿಗೆ ಗಡಿಪಾರಿನ ಆದೇಶ. ಸಿಂಧ್‌ನ ಹಿಂದೂವಿಗೆ ಬೇಗ ಪೌರತ್ವ ಕೊಡುವುದಕ್ಕೆ ಅಹ್ಮದಿಯನನ್ನು ಹೊರಗಿಡಲೇಬೇಕಾದ ಅಗತ್ಯವಿಲ್ಲ. ಕಿರುಕುಳವನ್ನು ಅಳತೆಗೋಲು ಮಾಡಿದ ಒಂದೇ ಕಾನೂನು ಇಬ್ಬರನ್ನೂ ಕಾಯಬಲ್ಲದು. ಅಂಥ ಕಾನೂನನ್ನು ಸಂಸತ್ತು ಬರೆಯುತ್ತದೆಯೇ, ಬರೆಯುವವರೆಗೆ ಆ ಕೆಲಸವನ್ನು 14 ಮತ್ತು 21ನೇ ವಿಧಿಗಳ ಮೂಲಕ ನ್ಯಾಯಾಲಯವೇ ಮಾಡಬೇಕೇ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಬರಬೇಕಿದೆ. ಆ ಉತ್ತರ ತಡವಾದಷ್ಟೂ ಅದರ ಬೆಲೆ ತೆರುವವರು ಈ ಚರ್ಚೆಯಲ್ಲಿ ಮಾತಾಡುವ ಅವಕಾಶವೇ ಇಲ್ಲದವರು.